ಉಪಗ್ರಹ ಚಿತ್ರ, ಮಷಿನ್ ಲರ್ನಿಂಗ್ ಬಳಸಿ ಬೆಳೆ ಇಳುವರಿ ಅಂದಾಜು: ಹೊಲದ ತಕ್ಕಡಿಯಿಂದ ನಕ್ಷೆಯವರೆಗೆ

ಉಪಗ್ರಹದ ಕ್ಯಾಮೆರಾಕ್ಕೆ ತೆನೆಯೊಳಗಿನ ಕಾಳು ಕಾಣದು. ಅದಕ್ಕೆ ಸಿಗುವುದು ಎಲೆಗಳಿಂದ ಮರಳಿ ಬಂದ ಬೆಳಕು ಮಾತ್ರ. ಹಸಿರು ಎಷ್ಟು ದಟ್ಟವಾಗಿತ್ತು, ಎಷ್ಟು ದಿನ ನಿಂತಿತ್ತು, ಯಾವಾಗ ಇಳಿಯಿತು ಎಂಬುದನ್ನು ನೋಡಿ ಕಾಳಿನ ತೂಕ ಊಹಿಸಬೇಕು. ಆ ಊಹೆಯನ್ನು ಕಲಿಸುವುದು ಹೊಲದಲ್ಲಿ ತಕ್ಕಡಿ ಇಟ್ಟು ತೂಗಿದ ಅಂಕಿ. ಹಾಗಾಗಿ ಈ ಕೆಲಸ ಕೆಡುವುದು ಅಲ್ಗಾರಿದಮ್ ಆಯ್ಕೆಯಿಂದ ಅಪರೂಪ. ತೂಕದ ಅಂಕಿ, ಹೊಲದ ಗಡಿ, ಮೋಡ ಮತ್ತು ಪರೀಕ್ಷೆ ಮಾಡುವ ಕ್ರಮ, ಈ ನಾಲ್ಕರಲ್ಲಿ ಒಂದು ಕೈಕೊಟ್ಟಿರುತ್ತದೆ. ಕೆಳಗಿನ ಹಂತಗಳಲ್ಲಿ ಈ ನಾಲ್ಕಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಪೈಥಾನ್ ಅಥವಾ ಆರ್ ಸ್ವಲ್ಪ ಬರುತ್ತದೆ, ಗೂಗಲ್ ಅರ್ಥ್ ಎಂಜಿನ್ ಒಮ್ಮೆಯಾದರೂ ತೆರೆದು ನೋಡಿದ್ದೀರಿ ಎಂದುಕೊಂಡು ಮುಂದೆ ಹೋಗೋಣ.

ಹಂತ 1: ಏನನ್ನು, ಯಾವಾಗ ಅಂದಾಜು ಮಾಡಬೇಕು?

ಒಂದೊಂದು ಹೊಲದ ಇಳುವರಿ ಬೇಕೋ, ದೊಡ್ಡ ಪ್ರದೇಶದ ಸರಾಸರಿ ಸಾಕೋ? ಕೊಯ್ಲಾದ ಮೇಲಿನ ಅಂದಾಜೋ, ಕೊಯ್ಲಿಗೆ ಒಂದು ತಿಂಗಳು ಮೊದಲೇ ಬೇಕಾದ ಮುನ್ಸೂಚನೆಯೋ? ಇದನ್ನು ಬರೆದಿಟ್ಟುಕೊಂಡ ಮೇಲೆಯೇ ಉಪಗ್ರಹ ಆರಿಸಿ.

ದೊಡ್ಡ ಪ್ರದೇಶದ ಸರಾಸರಿಗೆ ಮೋಡಿಸ್ (ನಾಸಾ ಉಪಗ್ರಹಗಳಲ್ಲಿರುವ ಸಂವೇದಕ) ಈಗಲೂ ಒಳ್ಳೆಯ ಆಯ್ಕೆ. ಅದರ 250 ಮೀಟರ್ ಪಿಕ್ಸೆಲ್ 6.25 ಹೆಕ್ಟೇರ್ ಆಗುತ್ತದೆ, ಸಣ್ಣ ಹಿಡುವಳಿಗೆ ಉಪಯೋಗವಿಲ್ಲ. ಆದರೆ 2000ದಿಂದ ಈಚಿನ ಸಾಲು ಸಾಲು ವರ್ಷಗಳ ದಾಖಲೆ ಇನ್ನೆಲ್ಲೂ ಇಷ್ಟು ಸುಲಭವಾಗಿ ಸಿಗದು. ಹೊಲದ ಮಟ್ಟಕ್ಕೆ ಇಳಿಯುವುದಾದರೆ ಸೆಂಟಿನೆಲ್-2 ಬೇಕು: ಮುಖ್ಯ ಬ್ಯಾಂಡ್‌ಗಳು (ಬೆಳಕಿನ ಒಂದೊಂದು ಬಣ್ಣದ ಪಟ್ಟಿ) 10 ಮೀಟರ್, ರೆಡ್ ಎಡ್ಜ್ (ಕೆಂಪು ಮತ್ತು ನಿಯರ್ ಇನ್‌ಫ್ರಾರೆಡ್ ನಡುವಿನ ಪಟ್ಟಿ) ಮತ್ತು ಶಾರ್ಟ್‌ವೇವ್ ಇನ್‌ಫ್ರಾರೆಡ್ 20 ಮೀಟರ್. ಎರಡು ಉಪಗ್ರಹ ಸೇರಿ ಐದು ದಿನಕ್ಕೊಂದು ಚಿತ್ರ. ಎರಡನೆಯದು ಹಾರಿದ್ದು 2017ರಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ಹಂಗಾಮುಗಳಲ್ಲಿ ಚಿತ್ರಗಳು ವಿರಳ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ 30 ಮೀಟರ್ ಚಿತ್ರ ಕೊಡುತ್ತವೆ. ಮೋಡದ ಕಾಲದಲ್ಲಿ ಸೆಂಟಿನೆಲ್-2ರ ಖಾಲಿ ಜಾಗ ತುಂಬಲು ಅವು ನೆರವಾಗುತ್ತವೆ.

ಮುನ್ಸೂಚನೆಯೇ ಗುರಿಯಾದರೆ ಮೊದಲ ದಿನದಿಂದಲೇ ಒಂದು ಶಿಸ್ತು ಬೇಕು. ಮುನ್ಸೂಚನೆಯ ದಿನಾಂಕದ ನಂತರದ ಒಂದು ಚಿತ್ರವೂ, ಒಂದು ದಿನದ ಮಳೆಯೂ ಲೆಕ್ಕಕ್ಕೆ ಬರಬಾರದು. ಹಸಿರಿನ ಏರಿಳಿತದ ರೇಖೆಯನ್ನು ನಯಗೊಳಿಸುವಾಗ (ಹಂತ 5) ಇದು ಗೊತ್ತಾಗದಂತೆ ನುಸುಳುತ್ತದೆ. ಇಡೀ ಹಂಗಾಮಿನ ರೇಖೆಯನ್ನು ನಯಗೊಳಿಸಿ ಆಮೇಲೆ ಅರ್ಧಕ್ಕೆ ಕತ್ತರಿಸಿದರೆ, ಉಳಿದ ಅರ್ಧದಲ್ಲಿ ಮುಂದಿನ ದಿನಗಳ ಛಾಯೆ ಸೇರಿಕೊಂಡಿರುತ್ತದೆ. ಮೊದಲು ಕತ್ತರಿಸಿ, ಆಮೇಲೆ ನಯಗೊಳಿಸಿ.

ಹಂತ 2: ಹೊಲದ ಅಳತೆ

ಬೆಳೆ ಕಟಾವು ಪ್ರಯೋಗದಲ್ಲಿ ಸಾಮಾನ್ಯವಾಗಿ 5 ಮೀಟರ್ × 5 ಮೀಟರ್ ಚೌಕ ಗುರುತಿಸಿ, ಕೊಯ್ದು, ಒಕ್ಕಿ, ತೂಗುತ್ತಾರೆ. ಚೌಕ 25 ಚದರ ಮೀಟರ್ ಆಗುವುದರಿಂದ ಕಿಲೋ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ ಬರುತ್ತದೆ. ಇಲ್ಲಿ ಅರ್ಧ ಕಿಲೋ ತಪ್ಪಾದರೂ ಹೆಕ್ಟೇರಿಗೆ 200 ಕಿಲೋ ವ್ಯತ್ಯಾಸ. ತಕ್ಕಡಿಯನ್ನು ದಿನವೂ ಗೊತ್ತಿರುವ ತೂಕದ ಬಟ್ಟಿನಿಂದ ಪರೀಕ್ಷಿಸಿ. ಚೌಕ ಅಳೆಯುವಾಗ ನಾಲ್ಕು ಬದಿ ಸಾಲದು, ಕರ್ಣವನ್ನೂ ಅಳೆಯಿರಿ, 7.07 ಮೀಟರ್ ಬರಬೇಕು. ಬರದಿದ್ದರೆ ಚೌಕ ಓರೆಯಾಗಿದೆ, ವಿಸ್ತೀರ್ಣ ಕಡಿಮೆಯಾಗಿದೆ.

ತೇವಾಂಶವನ್ನು ಬಿಟ್ಟುಬಿಡುವವರು ಬಹಳ. ಚೌಕದಲ್ಲಿ 12 ಕಿಲೋ ಕಾಳು ಸಿಕ್ಕಿತು, ತೇವಾಂಶ ಮಾಪಕ 22% ತೋರಿಸಿತು ಎನ್ನಿ. ಹಾಗೆಯೇ ಗುಣಿಸಿದರೆ ಹೆಕ್ಟೇರಿಗೆ 4,800 ಕಿಲೋ. 14% ತೇವಾಂಶಕ್ಕೆ ತಂದರೆ 12 × 78 ÷ 86, ಅಂದರೆ 10.88 ಕಿಲೋ, ಹೆಕ್ಟೇರಿಗೆ ಸುಮಾರು 4,350. ಸುಮಾರು 450 ಕಿಲೋ ಬರೀ ನೀರು. ಒಂದು ತಂಡ ಮಳೆ ಬಿದ್ದ ಮರುದಿನ, ಇನ್ನೊಂದು ತಂಡ ವಾರದ ಬಿಸಿಲಿನ ನಂತರ ಕೊಯ್ದಿದ್ದರೆ ಮಾಡೆಲ್ ಈ ನೀರನ್ನೇ ಇಳುವರಿ ಎಂದು ಕಲಿಯುತ್ತದೆ.

ಚೌಕ ಎಲ್ಲಿ ಹಾಕಬೇಕು ಎಂಬುದನ್ನು ಹೊಲಕ್ಕೆ ಹೋಗುವ ಮೊದಲೇ ಯಾದೃಚ್ಛಿಕ ಸಂಖ್ಯೆಯಿಂದ ನಿರ್ಧರಿಸಿ. ಹೊಲದಲ್ಲಿ ನಿಂತು ಆರಿಸಿದರೆ ಕಣ್ಣು ಚೆನ್ನಾಗಿರುವ ಕಡೆಗೇ ಹೋಗುತ್ತದೆ. ಒಂದು ಹೊಲಕ್ಕೆ ಒಂದೇ ಚೌಕ ಎಂದರೆ ಆ ಹೊಲದೊಳಗಿನ ಏರಿಳಿತವೆಲ್ಲ ದೋಷವಾಗಿ ಉಳಿಯುತ್ತದೆ. ಎರಡು ಮೂರು ಚೌಕ ಹಾಕಿದರೆ ಒಳ್ಳೆಯದು. ಸಾಧ್ಯವಿದ್ದಲ್ಲಿ ಇಡೀ ಹೊಲದ ಫಸಲನ್ನೇ ತೂಗಿಸಿಕೊಳ್ಳಿ, ಉಪಗ್ರಹ ನೋಡುವುದೂ ಇಡೀ ಹೊಲವನ್ನೇ. ರೈತರನ್ನು ಕೇಳಿ ಬರೆದುಕೊಂಡ ಇಳುವರಿಯಲ್ಲಿ ಚೀಲದ ಲೆಕ್ಕ ದುಂಡಗಾಗಿರುತ್ತದೆ, ಹೊಲದ ವಿಸ್ತೀರ್ಣವೂ ಅಂದಾಜಿನದ್ದೇ. ತೂಕವನ್ನು ವಿಸ್ತೀರ್ಣದಿಂದ ಭಾಗಿಸುವುದರಿಂದ ಎರಡರ ತಪ್ಪೂ ಇಳುವರಿಯಲ್ಲಿ ಬಂದು ಕೂರುತ್ತದೆ. ವಿಸ್ತೀರ್ಣವನ್ನಾದರೂ ಜಿಪಿಎಸ್‌ನಿಂದ ಅಳೆದುಕೊಳ್ಳಿ.

ಇನ್ನೊಂದು ಮಾತು ಒತ್ತಿ ಹೇಳಬೇಕು: ಕೆಟ್ಟ ಹೊಲಗಳನ್ನು ಬಿಟ್ಟುಬರಬೇಡಿ. ಒಣಗಿ ಹೋದ, ಕೊಯ್ಯದೇ ಬಿಟ್ಟ ಹೊಲಕ್ಕೆ ತಂಡಗಳು ಹೋಗುವುದೇ ಇಲ್ಲ. ಹಾಗಾದಾಗ ಮಾಡೆಲ್‌ಗೆ ಕಡಿಮೆ ಇಳುವರಿ ಹೇಗೆ ಕಾಣುತ್ತದೆ ಎಂಬುದೇ ತಿಳಿಯದು, ಬರದ ವರ್ಷದಲ್ಲೂ ಸಾಧಾರಣ ಫಸಲು ಎಂದೇ ಹೇಳುತ್ತದೆ. ಅಂದಾಜು ಅತಿ ಹೆಚ್ಚು ಬೇಕಾಗುವುದು ಅಂಥ ವರ್ಷದಲ್ಲೇ.

ಎಷ್ಟು ಹೊಲ ಸಾಕು? ಹೊಲಗಳಿಗಿಂತ ಹಂಗಾಮುಗಳ ಸಂಖ್ಯೆ ಮುಖ್ಯ. ಒಂದೇ ವರ್ಷದ ಸಾವಿರ ಹೊಲಕ್ಕಿಂತ ನಾಲ್ಕು ವರ್ಷದ ಇನ್ನೂರೈವತ್ತು ಹೊಲ ಹೆಚ್ಚು ಕಲಿಸುತ್ತದೆ, ಏಕೆಂದರೆ ಹವಾಮಾನ ಬದಲಾಗುವುದು ವರ್ಷದಿಂದ ವರ್ಷಕ್ಕೆ.

ಹಂತ 3: ಗಡಿ ಮತ್ತು ಬೆಳೆ ನಕ್ಷೆ

ಹೊಲದ ಮಧ್ಯೆ ನಿಂತು ಒಂದು ಬಿಂದು ಗುರುತಿಸಿಕೊಂಡು ಬಂದರೆ ಸಾಲದು. ಫೋನಿನ ಜಿಪಿಎಸ್ ತೆರೆದ ಜಾಗದಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗಡಿಯುದ್ದಕ್ಕೂ ನಡೆದು ಬಹುಭುಜ ದಾಖಲಿಸಿ, ಆಮೇಲೆ ಹೆಚ್ಚು ಸ್ಪಷ್ಟವಾದ ಚಿತ್ರದ ಮೇಲಿಟ್ಟು ಸರಿಪಡಿಸಿ.

ನಂತರ ಗಡಿಯನ್ನು ಒಳಕ್ಕೆ 10 ಮೀಟರ್ ಕುಗ್ಗಿಸಿ. ಬದುವಿನ ಮರ, ದಾರಿ, ಪಕ್ಕದ ಬೆಳೆ ಇವೆಲ್ಲ ಅಂಚಿನ ಪಿಕ್ಸೆಲ್‌ಗಳಲ್ಲಿ ಬೆರೆತಿರುತ್ತವೆ. ಚೌಕಾಕಾರದ ಒಂದು ಎಕರೆ ಹೊಲದ ಬದಿ ಸುಮಾರು 63.6 ಮೀಟರ್, ಅದರಲ್ಲಿ 10 ಮೀಟರ್ ಪಿಕ್ಸೆಲ್ ಸುಮಾರು 40. ಕುಗ್ಗಿಸಿದ ಮೇಲೆ ಉಳಿಯುವುದು 19ರಷ್ಟು. 20 ಮೀಟರ್ ಬ್ಯಾಂಡ್‌ಗಳಲ್ಲಿ ಐದೂ ಇಲ್ಲ. ಉದ್ದನೆಯ ಸಪೂರ ಹೊಲವಾದರೆ ಏನೂ ಉಳಿಯದಿರಬಹುದು. ಕುಗ್ಗಿಸಿದ ಮೇಲೆ ಎಂಟು ಹತ್ತು ಪಿಕ್ಸೆಲ್ ಕೂಡ ಇಲ್ಲದ ಹೊಲವನ್ನು ತರಬೇತಿಗೆ ಬಳಸಬೇಡಿ.

ಅಳತೆ ಇಲ್ಲದ ಹೊಲಗಳಿಗೂ ಅಂದಾಜು ವಿಸ್ತರಿಸಬೇಕಾದರೆ ಯಾವ ಪಿಕ್ಸೆಲ್‌ನಲ್ಲಿ ಯಾವ ಬೆಳೆ ಎಂಬ ನಕ್ಷೆ ಬೇಕು. ಇಎಸ್ಎ ವರ್ಲ್ಡ್‌ಕವರ್‌ನಂಥ ನಕ್ಷೆಗಳು ಇದು ಸಾಗುವಳಿ ಭೂಮಿ ಎಂದಷ್ಟೇ ಹೇಳುತ್ತವೆ, ಬೆಳೆಯ ಹೆಸರು ಹೇಳುವುದಿಲ್ಲ. ಬೆಳೆ ವರ್ಗೀಕರಣ ನೀವೇ ಮಾಡಬೇಕು. ನೀರು ನಿಲ್ಲಿಸಿ ನಾಟಿ ಮಾಡುವ ಭತ್ತಕ್ಕೆ ಸೆಂಟಿನೆಲ್-1 ರಡಾರ್ ಬಹಳ ಸಹಾಯಕ: ಗದ್ದೆಯಲ್ಲಿ ನೀರು ನಿಂತಾಗ ವಿಎಚ್ ಸಂಕೇತ (ಲಂಬವಾಗಿ ಕಳುಹಿಸಿ ಅಡ್ಡವಾಗಿ ಪಡೆದ ರಡಾರ್ ಅಲೆ) ತೀರಾ ಕುಸಿದು, ಪೈರು ಎದ್ದಂತೆ ಮೇಲೇರುತ್ತದೆ. ಮೋಡವಿದ್ದರೂ ಕಾಣುವುದರಿಂದ ನಾಟಿಯ ವಾರವನ್ನೂ ಅದರಿಂದ ಹಿಡಿಯಬಹುದು. ರಡಾರ್ ಅಂಕಿಗಳ ಸರಾಸರಿಯನ್ನು ಡೆಸಿಬೆಲ್‌ನಲ್ಲಿ ತೆಗೆಯಬಾರದು. ರೇಖೀಯ ಮಾನಕ್ಕೆ ಬದಲಿಸಿ ಸರಾಸರಿ ತೆಗೆದು ಮತ್ತೆ ಡೆಸಿಬೆಲ್‌ಗೆ ತನ್ನಿ. ಬೇರೆ ಬೇರೆ ಕಕ್ಷೆಯ ಚಿತ್ರಗಳನ್ನು ಒಂದೇ ಸಾಲಿನಲ್ಲಿ ಬೆರೆಸಲೂಬೇಡಿ. ನೋಡುವ ಕೋನ ಬದಲಾದರೆ ಬೆಳೆ ಬದಲಾಗದಿದ್ದರೂ ಅಂಕಿ ಬದಲಾಗುತ್ತದೆ.

ಹಂತ 4: ಚಿತ್ರ ಮತ್ತು ಮೋಡ

ವಾತಾವರಣದ ಪರಿಣಾಮ ತೆಗೆದ ಲೆವೆಲ್-2ಎ ಚಿತ್ರಗಳನ್ನೇ ಬಳಸಿ. ಇಲ್ಲಿ ಒಂದು ಹಳ್ಳ ಇದೆ, ಬಹಳ ಮಂದಿ ಅದರಲ್ಲಿ ಬೀಳುತ್ತಾರೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣಾ ಆವೃತ್ತಿ 04.00 ಜಾರಿಗೆ ಬಂದು, ಕಡತದಲ್ಲಿರುವ ಅಂಕಿಗೆ 1000 ಸೇರಿಸಿ ಕೊಡುವ ಕ್ರಮ ಶುರುವಾಯಿತು. ಅದನ್ನು ಕಳೆಯದೆ ಬಳಸಿದರೆ ಏನಾಗುತ್ತದೆ ನೋಡಿ: ದಟ್ಟ ಬೆಳೆಯ ಕೆಂಪು ಬ್ಯಾಂಡ್ 400, ನಿಯರ್ ಇನ್‌ಫ್ರಾರೆಡ್ 4000 ಇದ್ದಾಗ ಎನ್‌ಡಿವಿಐ (ಹಸಿರಿನ ಸೂಚ್ಯಂಕ: ಈ ಎರಡರ ವ್ಯತ್ಯಾಸ ÷ ಮೊತ್ತ) 0.82. ಅದೇ ಬೆಳೆ ಹೊಸ ಕಡತದಲ್ಲಿ 1400 ಮತ್ತು 5000 ಆಗಿ, ಎನ್‌ಡಿವಿಐ 0.56 ಬರುತ್ತದೆ. ಹಳೆಯ ವರ್ಷಗಳ ಜತೆ ಹೋಲಿಸಿದರೆ ಬರಗಾಲ ಬಂದಂತೆ ಕಾಣುತ್ತದೆ. ಅರ್ಥ್ ಎಂಜಿನ್‌ನಲ್ಲಿ ಹೆಸರಿನ ಕೊನೆಗೆ ಹಾರ್ಮೊನೈಸ್ಡ್ ಎಂದಿರುವ ಸಂಗ್ರಹ ತೆಗೆದುಕೊಂಡರೆ ಇದು ಆಗಲೇ ಸರಿಯಾಗಿರುತ್ತದೆ. ಬೇರೆ ಕಡೆಯಿಂದ ಇಳಿಸಿಕೊಂಡರೆ ಪ್ರತಿ ಚಿತ್ರದ ಮೆಟಾಡೇಟಾ ನೋಡಿ ನೀವೇ ಕಳೆಯಿರಿ.

ಮೋಡ ಸೋಸುವಾಗ ಇಡೀ ಚಿತ್ರದ ಮೋಡದ ಶೇಕಡಾವಾರು ನೋಡಿ ಚಿತ್ರವನ್ನೇ ಬಿಸಾಡಬೇಡಿ. ಒಂದು ಟೈಲ್ (ಚಿತ್ರವನ್ನು ಹಂಚುವ ಚೌಕ) ಸುಮಾರು 110 ಕಿಲೋಮೀಟರ್ ಅಗಲ. 70% ಮೋಡವಿದ್ದ ದಿನವೂ ನಿಮ್ಮ ಹೊಲದ ಮೇಲೆ ಆಕಾಶ ಶುಭ್ರವಾಗಿದ್ದಿರಬಹುದು. ಪಿಕ್ಸೆಲ್ ಮಟ್ಟದಲ್ಲಿ ಸೋಸಿ. ಚಿತ್ರದ ಜತೆ ಬರುವ ಎಸ್‌ಸಿಎಲ್ (ಪ್ರತಿ ಪಿಕ್ಸೆಲ್ ಏನೆಂದು ವರ್ಗೀಕರಿಸುವ) ಪದರದಲ್ಲಿ 3 ಎಂದರೆ ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಸಿರಸ್, ಇವನ್ನು ತೆಗೆಯಿರಿ. ಈ ಪದರ ತೆಳು ಮಂಜನ್ನೂ ಮೋಡದ ಅಂಚನ್ನೂ ಆಗಾಗ ಬಿಟ್ಟುಬಿಡುತ್ತದೆ. ಅರ್ಥ್ ಎಂಜಿನ್‌ನಲ್ಲಿರುವ ಕ್ಲೌಡ್ ಸ್ಕೋರ್ ಪ್ಲಸ್ (ಪಿಕ್ಸೆಲ್ ಎಷ್ಟು ಶುಭ್ರ ಎಂಬುದಕ್ಕೆ 0ರಿಂದ 1ರ ಅಂಕ) ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, 0.60 ಮಿತಿಯಿಂದ ಶುರು ಮಾಡಿ ಕಣ್ಣಿಂದ ನೋಡಿ ಹೊಂದಿಸಿ.

ಒಂದು ದಿನದ ಚಿತ್ರದಲ್ಲಿ ಹೊಲದ ಪಿಕ್ಸೆಲ್‌ಗಳಲ್ಲಿ 70%ಕ್ಕಿಂತ ಕಡಿಮೆ ಶುಭ್ರವಾಗಿದ್ದರೆ ಆ ದಿನವನ್ನು ಬಿಡಿ. ಉಳಿದ ದಿನಗಳಿಗೆ ಸರಾಸರಿಯ ಬದಲು ಮಧ್ಯಾಂಕ ತೆಗೆದುಕೊಳ್ಳಿ, ಉಳಿದುಕೊಂಡ ನೆರಳಿನ ಒಂದೆರಡು ಪಿಕ್ಸೆಲ್ ಅದನ್ನು ಅಲುಗಿಸುವುದಿಲ್ಲ. ಎರಡು ಟೈಲ್‌ಗಳು ಮೇಲೆ ಮೇಲೆ ಬರುವ ಕಡೆ ಒಂದೇ ದಿನಕ್ಕೆ ಎರಡು ಸಾಲು ಸಿಗುತ್ತದೆ, ಒಂದನ್ನು ಅಳಿಸಿ.

ಹಂತ 5: ಸೂಚ್ಯಂಕಗಳಿಂದ ಬೆಳೆಯ ರೇಖೆ

ಎನ್‌ಡಿವಿಐ ಒಂದನ್ನೇ ನೆಚ್ಚಿಕೊಂಡರೆ ಒಳ್ಳೆಯ ಹೊಲ, ತುಂಬ ಒಳ್ಳೆಯ ಹೊಲಗಳ ನಡುವಿನ ವ್ಯತ್ಯಾಸ ಕಾಣದು. ಎಲೆ ವಿಸ್ತೀರ್ಣ ಸೂಚ್ಯಂಕ (ನೆಲದ ಒಂದು ಚದರ ಮೀಟರಿಗೆ ಎಷ್ಟು ಚದರ ಮೀಟರ್ ಎಲೆ) 3 ದಾಟುತ್ತಿದ್ದಂತೆ ಅದು ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಮೇಲಿನ ಎಲೆಗಳೇ ಕೆಂಪು ಬೆಳಕನ್ನೆಲ್ಲ ಹೀರಿಕೊಂಡಿರುವುದರಿಂದ ಕೆಳಗೆ ಇನ್ನಷ್ಟು ಎಲೆಗಳಿದ್ದರೂ ಕೆಂಪು ಬ್ಯಾಂಡ್‌ಗೆ ಗೊತ್ತಾಗುವುದಿಲ್ಲ. ಸೆಂಟಿನೆಲ್-2ರಲ್ಲಿ ಬಿ3 ಹಸಿರು ಬ್ಯಾಂಡ್, ಬಿ5 ರೆಡ್ ಎಡ್ಜ್, ಬಿ8 ಮತ್ತು ಬಿ8ಎ ನಿಯರ್ ಇನ್‌ಫ್ರಾರೆಡ್, ಬಿ11 ಶಾರ್ಟ್‌ವೇವ್ ಇನ್‌ಫ್ರಾರೆಡ್. ಜಿಸಿವಿಐ, ಅಂದರೆ ಬಿ8 ÷ ಬಿ3 − 1, ಮತ್ತು ಎನ್‌ಡಿಆರ್‌ಇ, ಅಂದರೆ (ಬಿ8ಎ − ಬಿ5) ÷ (ಬಿ8ಎ + ಬಿ5), ಇನ್ನೂ ಸ್ವಲ್ಪ ದೂರ ಏರುತ್ತಲೇ ಇರುತ್ತವೆ. ನೀರಿನ ಕೊರತೆಗೆ (ಬಿ8ಎ − ಬಿ11) ÷ (ಬಿ8ಎ + ಬಿ11) ಸೇರಿಸಿ. ಈ ಮೂರು ಸಾಕು. ಇಪ್ಪತ್ತು ಸೂಚ್ಯಂಕ ತುರುಕಿದರೂ ಅವೆಲ್ಲ ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತವೆ.

ಸೋಸಿದ ಮೇಲೂ ಉಳಿದ ಮೋಡ ಹಸಿರು ಸೂಚ್ಯಂಕವನ್ನು ಇಳಿಸುತ್ತದೆಯೇ ಹೊರತು ಏರಿಸುವುದು ಅಪರೂಪ. ಅಕ್ಕಪಕ್ಕದ ಹತ್ತು ದಿನಗಳೊಳಗಿನ ಎರಡು ಅಂಕಿಗಳಿಗಿಂತ ಎನ್‌ಡಿವಿಐ 0.15ಕ್ಕೂ ಹೆಚ್ಚು ಕೆಳಗಿದ್ದರೆ ಆ ದಿನವನ್ನು ತೆಗೆದುಹಾಕಿ. ಆಮೇಲೆ ಐದು ದಿನಕ್ಕೊಂದರಂತೆ ಅಂಕಿ ತುಂಬಿಸಿ, ಸಾವಿಟ್ಸ್ಕಿ-ಗೊಲೇ ಸೋಸುಕದಿಂದ ಏಳು ಅಥವಾ ಒಂಬತ್ತು ಬಿಂದುಗಳ ಕಿಟಕಿ, ಎರಡನೇ ಘಾತ ಇಟ್ಟು ನಯಗೊಳಿಸಿ. ಕಿಟಕಿ ಇನ್ನೂ ಅಗಲವಾದರೆ ಶಿಖರ ತಗ್ಗಿಹೋಗುತ್ತದೆ. ಶಿಖರದ ಸುತ್ತ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಎಷ್ಟು ನಯಗೊಳಿಸಿದರೂ ಅದು ಕಲ್ಪನೆಯ ಶಿಖರವೇ. ಅಂಥ ಹೊಲಕ್ಕೆ ಗುರುತು ಹಾಕಿ ಬೇರೆ ಇಡಿ.

ಈಗ ಬಿತ್ತನೆಯ ಪ್ರಶ್ನೆ. ಒಂದೇ ಊರಿನಲ್ಲೂ ಬಿತ್ತನೆ ಮೂರು ನಾಲ್ಕು ವಾರ ಹಿಂದುಮುಂದಾಗುತ್ತದೆ. ಕ್ಯಾಲೆಂಡರ್ ದಿನಾಂಕದ ಲೆಕ್ಕದಲ್ಲಿ ಹೋಲಿಸಿದರೆ ಒಂದು ಹೊಲ ಹೂವಿನಲ್ಲಿದ್ದಾಗ ಇನ್ನೊಂದು ಮೊಣಕಾಲೆತ್ತರ ಇರುತ್ತದೆ. ಪ್ರತಿ ಹೊಲದ ಶಿಖರದ ದಿನವನ್ನು ಸೊನ್ನೆ ಎಂದಿಟ್ಟುಕೊಂಡು ಹಿಂದೆ ಮುಂದೆ ಎಣಿಸಿ. ಮಾಡೆಲ್‌ಗೆ ಕೊಡಬೇಕಾದ ಗುಣಾಂಶಗಳು (ಫೀಚರ್) ಇಷ್ಟು: ಶಿಖರದ ಎತ್ತರ, ಶಿಖರದ ದಿನಾಂಕ, ಶಿಖರಕ್ಕೆ 30 ದಿನ ಮೊದಲಿನಿಂದ 30 ದಿನ ನಂತರದವರೆಗಿನ ರೇಖೆಯಡಿಯ ವಿಸ್ತೀರ್ಣ, ಶಿಖರದ ನಂತರ ಇಳಿಯುವ ವೇಗ, ಹೂವಿನಿಂದ ಕಾಳು ತುಂಬುವವರೆಗಿನ ನೀರಿನ ಸೂಚ್ಯಂಕದ ಸರಾಸರಿ. ಕಾಳಿನ ಬೆಳೆಗಳಲ್ಲಿ ಶಿಖರದ ನಂತರದ ಭಾಗಕ್ಕೆ ಬೆಲೆ ಹೆಚ್ಚು. ಹಸಿರು ಬೇಗ ಇಳಿದರೆ ಕಾಳು ತುಂಬಲು ಸಿಕ್ಕ ದಿನಗಳು ಕಡಿಮೆ ಎಂದು ಅರ್ಥ.

ಹಂತ 6: ಹವಾಮಾನ

ಮಳೆಗೆ ಚರ್ಪ್ಸ್ ಎಂಬ ದತ್ತಾಂಶ ಸಂಗ್ರಹ ಇದೆ: 1981ರಿಂದ, 0.05 ಡಿಗ್ರಿ, ಅಂದರೆ ಸುಮಾರು 5.5 ಕಿಲೋಮೀಟರ್ ಚೌಕ. ಉಷ್ಣಾಂಶಕ್ಕೆ ಇಆರ್‌ಎ5-ಲ್ಯಾಂಡ್, 0.1 ಡಿಗ್ರಿ. ಅಂಕಿಗಳನ್ನು ತಿಂಗಳುವಾರು ಕೂಡಿಸದೆ ಬೆಳೆಯ ಹಂತಗಳಿಗೆ ತಕ್ಕಂತೆ ಕೂಡಿಸಿ: ಹೂಬಿಡುವ ಮೂರು ವಾರದ ಮಳೆ, ಆಗಿನ ಅತಿ ಬಿಸಿಯ ದಿನಗಳು, ಬಿತ್ತನೆಯಿಂದ ಒಟ್ಟು ಉಷ್ಣ ಮೊತ್ತ (ದಿನದ ಉಷ್ಣಾಂಶ ಒಂದು ತಳಮಟ್ಟಕ್ಕಿಂತ ಎಷ್ಟು ಡಿಗ್ರಿ ಹೆಚ್ಚಿತ್ತೋ ಅದರ ಕೂಡಿಕೆ). ಮೆಕ್ಕೆಜೋಳಕ್ಕೆ ಉಷ್ಣ ಮೊತ್ತದ ತಳ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್, ಗೋಧಿಗೆ 0.

ಇವುಗಳ ಅಪಾಯವೂ ಗೊತ್ತಿರಲಿ. ಒಂದು ಮಳೆ ಚೌಕದೊಳಗಿನ ಎಲ್ಲ ಹೊಲಗಳಿಗೂ ಒಂದೇ ಅಂಕಿ ಸಿಗುತ್ತದೆ. ಹಾಗಾಗಿ 412.6 ಮಿಲಿಮೀಟರ್ ಎಂಬ ಅಂಕಿ ಮಾಡೆಲ್ ಪಾಲಿಗೆ ಮಳೆಯಾಗಿ ಉಳಿಯದೆ, ಇಂಥ ಊರು, ಇಂಥ ವರ್ಷ ಎಂಬ ಗುರುತಿನ ಚೀಟಿಯಾಗುತ್ತದೆ. ಅದು ಆ ಚೀಟಿಯನ್ನು ಬಾಯಿಪಾಠ ಮಾಡುತ್ತದೆ. ಹೊಸ ವರ್ಷ ಬಂದಾಗ ಆ ಪಾಠ ಉಪಯೋಗಕ್ಕೆ ಬರುವುದಿಲ್ಲ.

ಹಂತ 7: ಮಾಡೆಲ್

ಮೊದಲು ಎರಡು ಅತಿ ಸರಳ ಅಂದಾಜುಗಳನ್ನು ಲೆಕ್ಕ ಹಾಕಿಡಿ: ಆ ಪ್ರದೇಶದ ಹಿಂದಿನ ವರ್ಷಗಳ ಸರಾಸರಿ, ಮತ್ತು ಶಿಖರದ ಜಿಸಿವಿಐ ಒಂದರಿಂದಲೇ ಎಳೆದ ಸರಳ ರೇಖೆ. ಇವೆರಡನ್ನು ಸೋಲಿಸದ ಮಾಡೆಲ್‌ನಿಂದ ಪ್ರಯೋಜನವಿಲ್ಲ. ನೂರರ ಒಳಗೆ ಹೊಲಗಳಿದ್ದರೆ ರಿಡ್ಜ್ ರಿಗ್ರೆಶನ್‌ನಲ್ಲೇ (ಗುಣಾಂಕಗಳು ಅತಿಯಾಗದಂತೆ ಹಿಡಿಯುವ ರೇಖೀಯ ಮಾಡೆಲ್) ನಿಲ್ಲಿ. ಕೆಲವು ನೂರು ಇದ್ದರೆ ರ‍್ಯಾಂಡಮ್ ಫಾರೆಸ್ಟ್: 500 ನಿರ್ಧಾರ ಮರ, ಮರದ ಪ್ರತಿ ಕೊನೆಯ ಕವಲಿಗೆ (ಲೀಫ್) ಕನಿಷ್ಠ 5 ಹೊಲ. ಎಕ್ಸ್‌ಜಿಬೂಸ್ಟ್ (ಹಿಂದಿನ ಮರಗಳ ತಪ್ಪನ್ನು ಮುಂದಿನ ಮರ ತಿದ್ದುವ ಬೂಸ್ಟಿಂಗ್ ಮಾಡೆಲ್) ಆದರೆ ಆಳ 3 ಅಥವಾ 4, ಕಲಿಕೆಯ ವೇಗ 0.05. ಎಲ್‌ಎಸ್‌ಟಿಎಂ ಮುಂತಾದ ಡೀಪ್ ಲರ್ನಿಂಗ್ ಮಾಡೆಲ್‌ಗಳಿಗೆ ಸಾವಿರಗಟ್ಟಲೆ ದಾಖಲೆ, ಹತ್ತಾರು ಹಂಗಾಮು ಇದ್ದಾಗಷ್ಟೇ ಕೈಹಾಕಿ.

ಮರ ಆಧಾರಿತ ಮಾಡೆಲ್‌ಗಳು ತರಬೇತಿಯಲ್ಲಿ ಕಂಡ ಅತಿ ಹೆಚ್ಚು, ಅತಿ ಕಡಿಮೆ ಇಳುವರಿಯ ಆಚೆಗೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಅದರೊಳಗೂ ಎಲ್ಲವನ್ನೂ ನಡುವಿಗೆ ಎಳೆಯುತ್ತವೆ: ಕಳಪೆ ಹೊಲಕ್ಕೆ ಹೆಚ್ಚು, ಒಳ್ಳೆಯ ಹೊಲಕ್ಕೆ ಕಡಿಮೆ. ಅಂದಾಜುಗಳ ಪ್ರಮಾಣಿತ ವಿಚಲನೆಯನ್ನು ನಿಜವಾದ ಇಳುವರಿಯ ಪ್ರಮಾಣಿತ ವಿಚಲನೆಯಿಂದ ಭಾಗಿಸಿ ನೋಡಿ. 0.5 ಬಂದರೆ ಏರಿಳಿತದ ಅರ್ಧ ಕಳೆದುಹೋಗಿದೆ. ಸರಾಸರಿ ಬೇಕಾದವರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಕಡಿಮೆ ಇಳುವರಿಯ ಹೊಲ ಗುರುತಿಸಬೇಕಾದವರಿಗೆ ದೊಡ್ಡ ತೊಂದರೆ.

ತೂಕದ ಅಂಕಿಯೇ ಇಲ್ಲದಿದ್ದರೆ? ಆಗ ಬೆಳಕಿನ ಲೆಕ್ಕದಿಂದ ಹೋಗಬಹುದು. 1970ರ ದಶಕದಲ್ಲಿ ಮಾಂಟೀತ್ ರೂಪಿಸಿದ ಸಂಬಂಧ ಇದು: ಬೆಳೆ ಹೀರಿದ ಬೆಳಕು × ಬೆಳಕನ್ನು ಒಣತೂಕವಾಗಿಸುವ ದಕ್ಷತೆ × ಒಟ್ಟು ತೂಕದಲ್ಲಿ ಕಾಳಿನ ಪಾಲು. ಹಂಗಾಮಿನಲ್ಲಿ ಚದರ ಮೀಟರಿಗೆ 500 ಮೆಗಾಜೂಲ್ ಹೀರಿತು, ದಕ್ಷತೆ 2.5 ಗ್ರಾಂ, ಕಾಳಿನ ಪಾಲು 0.4 ಎಂದಿಟ್ಟುಕೊಂಡರೆ 500 ಗ್ರಾಂ, ಅಂದರೆ ಹೆಕ್ಟೇರಿಗೆ 5,000 ಕಿಲೋ ಒಣ ಕಾಳು. ದಕ್ಷತೆ ಬರ, ಬಿಸಿ, ಗೊಬ್ಬರದ ಕೊರತೆಯಲ್ಲಿ ಕುಸಿಯುತ್ತದೆ. ಕಾಳಿನ ಪಾಲು ತಳಿಗೆ ತಕ್ಕಂತೆ ಬದಲಾಗುತ್ತದೆ. ಹೊಲ ಹೊಲಗಳ ಹೋಲಿಕೆಗೆ ಈ ದಾರಿ ಪರವಾಗಿಲ್ಲ, ನಿಖರ ಕಿಲೋಗೆ ನೆಚ್ಚಬೇಡಿ.

ಹಂತ 8: ಪರೀಕ್ಷೆ

ದಾಖಲೆಗಳನ್ನು ಕಲಸಿ 80% ತರಬೇತಿಗೆ, 20% ಪರೀಕ್ಷೆಗೆ ಎಂದು ಹಂಚುವುದು ರೂಢಿ. ಇಳುವರಿಯ ಕೆಲಸದಲ್ಲಿ ಈ ರೂಢಿ ಮೋಸ ಮಾಡುತ್ತದೆ. ಅಕ್ಕಪಕ್ಕದ ಎರಡು ಹೊಲಗಳಿಗೆ ಅದೇ ಮಳೆ, ಹೆಚ್ಚುಕಡಿಮೆ ಅದೇ ಮಣ್ಣು, ಅದೇ ತಳಿ. ಒಂದು ತರಬೇತಿಗೆ, ಇನ್ನೊಂದು ಪರೀಕ್ಷೆಗೆ ಹೋದರೆ ಮಾಡೆಲ್‌ಗೆ ಉತ್ತರ ಮೊದಲೇ ಸಿಕ್ಕಂತೆ. ಸರಿಯಾದ ಕ್ರಮ: ಒಂದು ವರ್ಷವನ್ನು ಪೂರ್ತಿ ಹೊರಗಿಟ್ಟು ಉಳಿದ ವರ್ಷಗಳಿಂದ ಕಲಿಸಿ, ಹೊರಗಿಟ್ಟ ವರ್ಷದ ಮೇಲೆ ಪರೀಕ್ಷಿಸಿ. ಪ್ರತಿ ವರ್ಷಕ್ಕೂ ಹೀಗೆ ಮಾಡಿ. ಹೊಸ ಪ್ರದೇಶಕ್ಕೆ ಒಯ್ಯುವುದಾದರೆ ಪ್ರದೇಶಗಳನ್ನೂ ಇದೇ ರೀತಿ ಹೊರಗಿಡಿ. ಗುಣಾಂಶಗಳ ಆಯ್ಕೆ, ಮಾಡೆಲ್ ಹೊಂದಿಸುವುದು, ಬೂಸ್ಟಿಂಗ್ ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ, ಇವು ಯಾವುದಕ್ಕೂ ಹೊರಗಿಟ್ಟ ವರ್ಷವನ್ನು ಮುಟ್ಟಬಾರದು. ಅಂಕ ಕೆಳಗಿಳಿಯುತ್ತದೆ, ಮುಂದಿನ ಹಂಗಾಮಿನಲ್ಲಿ ನಿಜವಾಗಿ ಸಿಗುವುದು ಆ ಕೆಳಗಿನ ಅಂಕವೇ.

ಫಲಿತಾಂಶವನ್ನು ವರ್ಷವಾರು ಬರೆಯಿರಿ. ಎಲ್ಲ ವರ್ಷ ಸೇರಿಸಿ ಒಂದೇ ಆರ್-ಸ್ಕ್ವೇರ್ (ಇಳುವರಿಯ ಏರಿಳಿತದಲ್ಲಿ ಮಾಡೆಲ್ ಹಿಡಿದ ಪಾಲು) ಕೊಟ್ಟರೆ ಒಳ್ಳೆಯ ವರ್ಷ, ಕೆಟ್ಟ ವರ್ಷಗಳ ಅಂತರವೇ ಅದನ್ನು ಎತ್ತರಿಸಿರುತ್ತದೆ. ವರ್ಷದೊಳಗೆ ಹೊಲದಿಂದ ಹೊಲಕ್ಕೆ ಏನೂ ಹಿಡಿಯದೇ ಇರಬಹುದು. ಕಿಲೋ ಲೆಕ್ಕದ ಆರ್‌ಎಂಎಸ್‌ಇ (ತಪ್ಪುಗಳ ವರ್ಗದ ಸರಾಸರಿಯ ವರ್ಗಮೂಲ), ಒಟ್ಟಾರೆ ಹೆಚ್ಚು ಅಥವಾ ಕಡಿಮೆ ಹೇಳುವ ವಾಲಿಕೆ, ಎರಡನ್ನೂ ಕೊಡಿ.

ಹಂತ 9: ನಕ್ಷೆ ಮತ್ತು ಮೊತ್ತ

ಪ್ರದೇಶದ ಸರಾಸರಿ ತೆಗೆಯುವಾಗ ಹೊಲಗಳ ವಿಸ್ತೀರ್ಣಕ್ಕೆ ತಕ್ಕ ತೂಕ ಕೊಡಿ. ಒಟ್ಟು ಉತ್ಪಾದನೆಗೆ ಬೆಳೆ ನಕ್ಷೆಯ ಪಿಕ್ಸೆಲ್ ಎಣಿಸಿ ಗುಣಿಸುವುದು ತಪ್ಪು ದಾರಿ. ನಕ್ಷೆ ಒಂದು ಬೆಳೆಯನ್ನು ಹೆಚ್ಚಾಗಿ ಗುರುತಿಸುತ್ತಿದ್ದರೆ ಆ ತಪ್ಪು ಮೊತ್ತಕ್ಕೆ ಹಾಗೆಯೇ ಇಳಿಯುತ್ತದೆ. ನಕ್ಷೆಯ ವರ್ಗಗಳಿಂದ ಯಾದೃಚ್ಛಿಕ ಬಿಂದುಗಳನ್ನು ತೆಗೆದು, ನೆಲದಲ್ಲಿ ಪರಿಶೀಲಿಸಿ, ಆ ದೋಷದ ಪ್ರಮಾಣದಿಂದ ವಿಸ್ತೀರ್ಣ ಸರಿಪಡಿಸಿ.

ಪ್ರತಿ ಅಂದಾಜಿನ ಜತೆ ವ್ಯಾಪ್ತಿಯನ್ನೂ ಕೊಡಿ. ಕ್ವಾಂಟೈಲ್ ರಿಗ್ರೆಶನ್‌ನಿಂದ 5 ಮತ್ತು 95ನೇ ಶತಾಂಶ ತೆಗೆದು, ಹೊರಗಿಟ್ಟ ವರ್ಷಗಳಲ್ಲಿ ನಿಜವಾದ ಇಳುವರಿ ಸುಮಾರು 90% ಸಲ ಆ ನಡುವೆ ಬೀಳುತ್ತದೆಯೇ ನೋಡಿ. ಹೊಲಗಳು ಹೆಚ್ಚಿದಂತೆ ದೋಷ ವರ್ಗಮೂಲದ ಲೆಕ್ಕದಲ್ಲಿ ಕರಗುತ್ತದೆ ಎಂದುಕೊಳ್ಳಬೇಡಿ. ಒಂದು ಹಂಗಾಮಿನ ತಪ್ಪುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ವಾಲಿರುತ್ತವೆ.

ಉಪಗ್ರಹಕ್ಕೆ ಕಾಣದ ನಷ್ಟಗಳು

ಹೂಬಿಡುವಾಗ ಬಿಸಿ ತಗುಲಿ ಪರಾಗಸ್ಪರ್ಶ ಕೆಟ್ಟರೆ ಗಿಡ ಹಸಿರಾಗಿಯೇ ನಿಲ್ಲುತ್ತದೆ, ತೆನೆ ಜೊಳ್ಳಾಗಿರುತ್ತದೆ. ಕಾಳು ತುಂಬಬೇಕಾದದ್ದು ತುಂಬದೆ ಕೆಲವೊಮ್ಮೆ ಹಸಿರು ಇನ್ನೂ ಹೆಚ್ಚು ದಿನ ಉಳಿದು ಮಾಡೆಲ್ ಇಳುವರಿಯನ್ನು ಏರಿಸಿಯೇ ಹೇಳುತ್ತದೆ. ತೆನೆ ಕೊರೆಯುವ ಹುಳ, ಕೊಯ್ಲಿನ ಹೊತ್ತಿನ ಆಲಿಕಲ್ಲು, ಒಣಗಿದ ಮೇಲೆ ಉದುರಿದ ಕಾಳು, ಹಕ್ಕಿ ಹಂದಿಗಳ ಕಾಟ, ಇವೂ ಹಸಿರಿನ ರೇಖೆಯಲ್ಲಿ ಮೂಡುವುದಿಲ್ಲ. ಕಳೆ ತುಂಬಿದ ಹೊಲ ಒಳ್ಳೆಯ ಹೊಲದಂತೆ ಕಾಣುತ್ತದೆ. ಮಿಶ್ರ ಬೆಳೆಯಲ್ಲಿ ಯಾವ ಹಸಿರು ಯಾರದ್ದು ಎಂದು 10 ಮೀಟರ್ ಪಿಕ್ಸೆಲ್ ಹೇಳಲಾರದು. ನೆಲದಡಿ ಗೆಡ್ಡೆ ಕಟ್ಟುವ ಬೆಳೆಗಳಲ್ಲಿ ಎಲೆಗೂ ಗೆಡ್ಡೆಗೂ ಇರುವ ನಂಟು ಸಡಿಲ. ಸಾರಜನಕ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಗೆಡ್ಡೆ ಸೊಕ್ಕದು.

ಇಂಥ ನಷ್ಟ ಆಗಿದೆ ಎಂದು ನೆಲದಿಂದ ವರದಿ ಬಂದ ಪ್ರದೇಶಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ, ಇಳುವರಿಯ ಅಂಕಿ ಬರೆಯದೆ ಖಾಲಿ ಬಿಡಿ. ಅಲ್ಲಿಗೆ ತಕ್ಕಡಿ ಹಿಡಿದು ಹೋಗಲು ತಂಡ ಕಳುಹಿಸಿ. ಆ ಅಳತೆಗಳನ್ನು ಮುಂದಿನ ಹಂಗಾಮಿನ ತರಬೇತಿ ಕಡತಕ್ಕೆ ಕಾರಣದ ಸಮೇತ ಸೇರಿಸಿ.